ಕಾಲೇಜು ಬ್ಯಾಗಲ್ಲಿ ಏನಿದೆ, ಏನಿಲ್ಲ?

ಸೀಟು ಸಿಕ್ಕಿತು, ಫೀಸು ಕಟ್ಟಿದ್ದಾಯ್ತು, ಹೊಸ ಬ್ಯಾಗೂ ಬಂತು. ಮಗಳು ಬೆಳಿಗ್ಗೆ ಏಳೂವರೆಗೆ 'ಬರ್ತೀನಮ್ಮಾ' ಅಂತ ಗೇಟು ದಾಟಿದರೆ ಮತ್ತೆ ಮುಖ ಕಾಣೋದು ಸಂಜೆಗೇ. ನಾವು ಬಾಗಿಲು ಮುಂದೆ ಮಾಡಿ, ತಣ್ಣಗಾದ ಕಾಫಿಯನ್ನು ಬಿಸಿ ಮಾಡಿಕೊಂಡು ಕೂರುತ್ತೇವೆ. ಸ್ಕೂಲಿಗೆ ಹೋಗುವಾಗ ಟೈಮ್‌ಟೇಬಲ್ ನೋಡಿ ಪುಸ್ತಕ ಜೋಡಿಸಿದ್ದು, ಪೆನ್ಸಿಲ್ ಚೂಪು ಮಾಡಿದ್ದು, ಯೂನಿಫಾರಂಗೆ ಕರ್ಚೀಫು ಪಿನ್ ಹಾಕಿದ್ದು ಎಲ್ಲ ನಾವೇ ಅಲ್ವಾ? ಕಾಲೇಜು ಅಂದ ಕೂಡಲೇ ಆ ಬ್ಯಾಗಿನ ಉಸಾಬರಿಯನ್ನೇ ಬಿಟ್ಟುಬಿಡುತ್ತೇವೆ. 'ದೊಡ್ಡೋಳಾದ್ಳು, ಇನ್ನು ಅವಳೇ ನೋಡ್ಕೋತಾಳೆ' ಅಂತ ಸಮಾಧಾನ.

ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮಗ ಇನ್ನೂ ಐದನೇ ಕ್ಲಾಸು, ಅವನ ಬ್ಯಾಗಿನಲ್ಲಿ ಏನಿದೆ ಅನ್ನೋದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಹೋದ ವರ್ಷದಿಂದ ತಿಪಟೂರಿನ ನನ್ನಕ್ಕನ ಮಗಳು ವಿಜಯನಗರದ ನಮ್ಮ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಾಳೆ. ಮನೆಯಲ್ಲಿ ನಾವೆಲ್ಲ ಕರೆಯೋದು ಪುಟ್ಟಿ ಅಂತ. ಅವಳ ಬ್ಯಾಗಿನ ಒಳಗೆ ನಾನು ಮೊದಲ ಎರಡು ತಿಂಗಳು ಇಣುಕಿಯೂ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ್ದು ಒಂದು ಮಳೆ.

ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಬೆಂಗಳೂರಿನ ಮಳೆ ನಿಮಗೆ ಗೊತ್ತೇ ಇದೆ, ನಾಲ್ಕು ಗಂಟೆಗೆ ಬಿಸಿಲು, ಐದಕ್ಕೆ ರಸ್ತೆಯಲ್ಲಿ ಹೊಳೆ. ಐದೂವರೆಗೆ ಬರಬೇಕಾದ ಹುಡುಗಿ ಏಳಾದರೂ ಬರಲಿಲ್ಲ. ಫೋನು ಸ್ವಿಚ್ ಆಫ್. ಏಳೂವರೆ... ಎಂಟು... ಅಕ್ಕನಿಗೆ ಫೋನ್ ಮಾಡೋದಾ ಬೇಡವಾ ಅಂತ ಕೈ ನಡುಗುತ್ತಿತ್ತು. 'ನಿನ್ನನ್ನ ನಂಬಿ ಕಳಿಸಿದ್ದೀನಿ ಕಣೇ' ಅಂದಿದ್ದಳು ಅಕ್ಕ. ಎಂಟೂ ಹತ್ತಕ್ಕೆ ತಿಪಟೂರಿನಿಂದ ನನ್ನ ಅಪ್ಪನ ಫೋನ್ ಬಂತು. 'ಮಗು ಮೈಸೂರು ಬ್ಯಾಂಕ್ ಸರ್ಕಲ್ ಹತ್ರ ಬಸ್ ಸ್ಟಾಪಲ್ಲಿ ನಿಂತಿದೆಯಂತೆ, ಹೂವಿನವಳ ಫೋನಿಂದ ಮಾತಾಡ್ತು. ಅಳಿಯಂದಿರನ್ನ ಕಳಿಸು!'

ಆಗಿದ್ದಿಷ್ಟು. ಫೋನಿನ ಚಾರ್ಜ್ ಮಧ್ಯಾಹ್ನವೇ ಮುಗಿದಿತ್ತು. ಫೋನ್ ಇಲ್ಲ ಅಂದಮೇಲೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೇಳಲು ತೋರಿಸಬೇಕಾದ ಆಧಾರ್ ಇಲ್ಲ, ಅದು ಫೋನಿನೊಳಗೇ ಇತ್ತು. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋಣ ಅಂದರೆ ಪರ್ಸಿನಲ್ಲಿ ಒಂದು ರೂಪಾಯಿ ಇಲ್ಲ, ಎಲ್ಲ ಸ್ಕ್ಯಾನ್ ಮಾಡೋದೇ. ಯಾರದ್ದಾದರೂ ಫೋನ್ ಕೇಳಿ ಚಿಕ್ಕಮ್ಮನಿಗೆ ಮಾಡೋಣ ಅಂದರೆ ಚಿಕ್ಕಮ್ಮನ ನಂಬರೇ ಬಾಯಿಗೆ ಬರುವುದಿಲ್ಲ. ಅಮ್ಮನದ್ದೂ ಇಲ್ಲ! ಅವಳಿಗೆ ನೆನಪಿದ್ದದ್ದು ಒಂದೇ ನಂಬರು, ತಿಪಟೂರಿನ ಮನೆಯ ಗೋಡೆಯ ಮೇಲೆ ತಾತ ದಪ್ಪಕ್ಕೆ ಬರೆದಿಟ್ಟಿದ್ದ ಅವರ ನಂಬರು. ಒಂದನೇ ಕ್ಲಾಸಿನಿಂದ ನೋಡಿ ನೋಡಿ ಬಾಯಿಪಾಠವಾಗಿತ್ತಂತೆ. ಒಂದು ಗಂಟೆ ಹೆದರಿ ನಿಂತು, ಕೊನೆಗೆ ಹೂವಿನ ಅಕ್ಕನನ್ನು ಕೇಳಿದ್ದಾಳೆ. ಆ ಪುಣ್ಯಾತ್ಗಿತ್ತಿ ಫೋನೂ ಕೊಟ್ಟು, ನಮ್ಮವರು ಸ್ಕೂಟರ್ ತಗೊಂಡು ಹೋಗುವವರೆಗೆ ತನ್ನ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂರಿಸಿಕೊಂಡಿದ್ದಳು. ಮಾರನೇ ದಿನ ನಾನೇ ಹೋಗಿ ಎರಡು ಮಾರು ಕನಕಾಂಬರ ತಗೊಂಡು ಬಂದೆ.

ಬ್ಯಾಗು ಖಾಲಿ ಮಾಡಿದ ಭಾನುವಾರ

ಆ ಭಾನುವಾರ ಪುಟ್ಟಿ ಎಣ್ಣೆ ನೀರು ಹಾಕಿಕೊಳ್ಳಲು ಹೋದಾಗ ಅವಳ ಬ್ಯಾಗನ್ನು ಊಟದ ಮೇಜಿನ ಮೇಲೆ ಸುರಿದೆ. ತಪ್ಪು ಮಾಡಿದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಲೆಗೆ ಟವೆಲ್ ಕಟ್ಟಿಕೊಂಡು ಬಂದವಳು 'ಕೇಳದೆ ಯಾಕೆ ತೆಗೆದೆ ಚಿಕ್ಕಮ್ಮ?' ಅಂತ ಅತ್ತೇಬಿಟ್ಟಳು. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹದಿನೆಂಟರ ಹುಡುಗಿಯ ಬ್ಯಾಗು ಅವಳದ್ದು. ನಿಮ್ಮ ಮನೆಯಲ್ಲಿ ಈ ಕೆಲಸ ಮಾಡುವುದಾದರೆ ದಯವಿಟ್ಟು ಜೊತೆಯಲ್ಲಿ ಕೂತು, ಅವರ ಕೈಯಿಂದಲೇ ಒಂದೊಂದಾಗಿ ತೆಗೆಸಿ.

ಬ್ಯಾಗಲ್ಲಿ ಏನಿತ್ತು ಅಂತೀರಾ? ಮೂರು ಲಿಪ್ ಬಾಮ್, ರೀಫಿಲ್ ಇಲ್ಲದ ಎರಡು ಪೆನ್ನು, ತಲೆಯಿಲ್ಲದ ಚಾರ್ಜರ್ ವೈರು, ಎರಡು ತಿಂಗಳ ಶೂನ್ಯ ಟಿಕೆಟ್‌ಗಳ ಕಂತೆ, ಅಕ್ಕ ಕಳಿಸಿದ್ದ ಕೊಬ್ಬರಿ ಚೂರು ಬೂಸ್ಟು ಹಿಡಿದು ಕೂತಿತ್ತು. ಅದರಡಿಯಲ್ಲಿ ಅರ್ಧ ಖಾಲಿಯಾದ ನೋವಿನ ಮಾತ್ರೆಯ ಸ್ಟ್ರಿಪ್ಪು. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಯ ಅಸಲಿ ಅಂಕಪಟ್ಟಿಗಳು! ಅಡ್ಮಿಷನ್ ದಿನ ಪರಿಶೀಲನೆಗೆ ಅಂತ ತಗೊಂಡು ಹೋದವಳು ಎರಡು ತಿಂಗಳಿಂದ ಬೆನ್ನ ಮೇಲೆ ಹೊತ್ತು ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದ್ದಾಳೆ, ಆ ಮಳೆಯಲ್ಲಿಯೂ. ಮತ್ತೆ ಒಂದು ಸ್ಟೀಲ್ ಬಾಟಲಿ, ಮುಚ್ಚಳದವರೆಗೂ ನೀರು.

ಆ ಬಾಟಲಿಯ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ತುಂಬಿದ ಬಾಟಲಿ ತುಂಬಿಯೇ ಬಂದರೆ...

ದಿನಾ ಬೆಳಿಗ್ಗೆ ಕಾಯಿಸಿ ಆರಿಸಿದ ನೀರು ತುಂಬಿ ಕೊಡುತ್ತಿದ್ದವಳು ನಾನೇ. ದಿನಾ ಸಂಜೆ ಉಳಿದ ನೀರನ್ನು ತುಳಸಿ ಗಿಡಕ್ಕೆ ಹಾಕುತ್ತಿದ್ದವಳೂ ನಾನೇ. ಬಾಟಲಿ ಹಾಗೇ ತುಂಬಿ ಬರುತ್ತಿದೆ ಅನ್ನೋದು ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗಲಿಲ್ಲ. ಆಗಸ್ಟಿನಲ್ಲಿ ಒಮ್ಮೆ 'ಉರಿ ಆಗ್ತಿದೆ ಚಿಕ್ಕಮ್ಮ' ಅಂದಿದ್ದಳು. 'ಉಷ್ಣ ಆಗಿದೆ' ಅಂತ ಎಳನೀರು, ಜೀರಿಗೆ ಕಷಾಯ ಕೊಟ್ಟೆ. ನಾವೆಲ್ಲ ಮಾಡೋದು ಅದನ್ನೇ ತಾನೇ? ಎರಡು ದಿನ ಕಡಿಮೆ ಆದಂತಾಯಿತು, ಮತ್ತೆ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಾಟಲಿ ಹಿಡಿದು ಕೇಳಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು. ಕಾಲೇಜಿನಲ್ಲಿ ಹುಡುಗಿಯರ ಟಾಯ್ಲೆಟ್ ನಾಲ್ಕಿದ್ದರೆ ಎರಡಕ್ಕೆ ಚಿಲಕವಿಲ್ಲ, ಒಂದರಲ್ಲಿ ನೀರಿಲ್ಲ. ಹಾಗಾಗಿ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬರುವವರೆಗೂ ಹೋಗುವುದೇ ಇಲ್ಲ. ಹೋಗಬಾರದು ಅಂದರೆ ನೀರು ಕುಡಿಯಬಾರದು. ಅವಳೊಬ್ಬಳೇ ಅಲ್ಲ, ಅವಳ ಬೆಂಚಿನ ನಾಲ್ಕೂ ಹುಡುಗಿಯರ ಕಥೆ ಅದೇ! ಮಾರನೇ ದಿನವೇ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಮೂತ್ರ ಪರೀಕ್ಷೆ ಮಾಡಿಸಿದರೆ ಸೋಂಕು. ಪೂರ್ತಿ ಕೋರ್ಸು ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ನೀರು ಕುಡಿಯದೆ, ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡು ಕೂತರೆ ಸೋಂಕಿಗೆ ದಾರಿಯಾಗುತ್ತದೆ, ಅದನ್ನು ಹಾಗೇ ಬಿಟ್ಟರೆ ಮೂತ್ರಕೋಶದಿಂದ ಮೇಲೆ ಕಿಡ್ನಿಗೂ ಹೋಗಬಹುದು ಅಂದರು. ಉರಿ, ಪದೇ ಪದೇ ಹೋಗಬೇಕೆನಿಸುವುದು, ಚಳಿ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು ಇದ್ದರೆ ಎಳನೀರು ಕೊಟ್ಟು ಕೂರಬೇಡಿ. ಮಾತ್ರೆ ಶುರು ಮಾಡಿದ ಮೇಲೆ ಎರಡು ದಿನಕ್ಕೆ ಹುಷಾರಾಯಿತು ಅಂತ ನಿಲ್ಲಿಸುವುದೂ ತಪ್ಪು.

ಈಗ ಅವಳ ಬ್ಯಾಗಿನಲ್ಲಿ ಒಂದು ಚಿಕ್ಕ ಜಿಪ್ ಪೌಚಿದೆ. ಅದರಲ್ಲಿ ಪೇಪರ್ ಸೋಪು, ಟಿಶ್ಯೂ, ಸ್ಯಾನಿಟೈಸರಿನ ಪುಟ್ಟ ಬಾಟಲಿ, ಎರಡು ಪ್ಯಾಡು, ಒಂದು ಬದಲಿ ಒಳಉಡುಪು, ಎರಡು ಹಳೇ ಪೇಪರಿನ ಚೀಲ, ಒಂದು ಸೇಫ್ಟಿ ಪಿನ್ನು. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಏಳೂವರೆಗೆ ಹೋಗಿ ಸಂಜೆ ಐದೂವರೆಗೆ ಬರುವವಳು ಏನು ಮಾಡುತ್ತಾಳೆ ಅಂತ ಮಾತ್ರ ನಾವು ಲೆಕ್ಕ ಹಾಕಿರುವುದಿಲ್ಲ. ಡೇಟು ಹತ್ತಿರ ಇಲ್ಲದಿದ್ದರೂ ಆ ಪೌಚು ಬ್ಯಾಗಲ್ಲಿ ಇರಲಿ. ಅವಳಿಗೆ ಬೇಡದ ದಿನ ಪಕ್ಕದವಳಿಗೆ ಬೇಕಾಗುತ್ತದೆ.

ಪೌಚಿನಿಂದ ಚಿಲಕ ಬರುವುದಿಲ್ಲವಲ್ಲ! ಪೋಷಕರ ಸಭೆ ಕರೆದಾಗ ನಾನು, ಇನ್ನೂ ಮೂವರು ಅಮ್ಮಂದಿರು ಮೊದಲೇ ಮಾತಾಡಿಕೊಂಡು ಹೋಗಿ ಇದನ್ನೇ ಎತ್ತಿದೆವು. ಅಟೆಂಡೆನ್ಸು, ಇಂಟರ್ನಲ್ಸು ಅಂತ ಮಾತಾಡುತ್ತಿದ್ದವರು ಒಂದು ಕ್ಷಣ ಸುಮ್ಮನಾದರು. ಹದಿನೈದು ದಿನದಲ್ಲಿ ಚಿಲಕ ಬಂತು, ನೀರೂ ಬಂತು. ಸೋಪು ಇನ್ನೂ ಬಂದಿಲ್ಲ, ಮುಂದಿನ ಸಭೆಗೆ ಇಟ್ಟುಕೊಂಡಿದ್ದೇವೆ. ನಿಮ್ಮ ಕಾಲೇಜಿನಲ್ಲೂ ಒಬ್ಬರೇ ಹೋಗಿ ಕೇಳಲು ಸಂಕೋಚವಾದರೆ ನಾಲ್ಕು ಜನ ಸೇರಿ ಹೋಗಿ.

ಆ ನೋವಿನ ಮಾತ್ರೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮುಟ್ಟಿನ ಹೊಟ್ಟೆನೋವಿಗೆ ಗೆಳತಿ ಕೊಟ್ಟದ್ದಂತೆ. ಬೆಳಿಗ್ಗೆ ತಿಂಡಿ ತಿನ್ನದೆ ಖಾಲಿ ಹೊಟ್ಟೆಗೆ ನುಂಗುತ್ತಿದ್ದಳು. ಇಂಥ ಮಾತ್ರೆಗಳನ್ನು ಏನಾದರೂ ತಿಂದ ಮೇಲೆಯೇ ತಗೋಬೇಕು, ಇಲ್ಲದಿದ್ದರೆ ಹೊಟ್ಟೆಯ ಉರಿ ಬೇರೆ ಶುರುವಾಗುತ್ತದೆ. ಡಾಕ್ಟರನ್ನು ಕೇಳಿ ಯಾವ ಮಾತ್ರೆ, ದಿನಕ್ಕೆ ಎಷ್ಟು ಅಂತ ಬರೆಸಿಕೊಂಡು ಅದನ್ನು ಮಾತ್ರ ಬ್ಯಾಗಲ್ಲಿ ಇಡಿ. ಪ್ರತಿ ತಿಂಗಳೂ ಕಾಲೇಜು ತಪ್ಪಿಸುವಷ್ಟು ನೋವಿದ್ದರೆ 'ಮದುವೆ ಆದ್ಮೇಲೆ ಸರಿಹೋಗುತ್ತೆ' ಅನ್ನೋ ಮಾತನ್ನು ಮಾತ್ರ ಆಡಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಆಸ್ತಮಾ ಇರುವ ಮಕ್ಕಳ ಬ್ಯಾಗಲ್ಲಿ ಇನ್‌ಹೇಲರ್ ದಿನಾ ಇರಲೇಬೇಕು, ಅದು ಎಲ್ಲಿದೆ ಅಂತ ಹತ್ತಿರದ ಒಬ್ಬ ಗೆಳತಿಗೂ ಗೊತ್ತಿರಬೇಕು.

ಅಸಲು ಬೀರುವಿನಲ್ಲಿ, ನಕಲು ಬ್ಯಾಗಿನಲ್ಲಿ

ಅಂಕಪಟ್ಟಿ ಕಳೆದುಹೋದರೆ ಏನಾಗುತ್ತದೆ ಅನ್ನುವುದು ನಮ್ಮ ಮಹಡಿಯ ಮೇಲಿನ ಮನೆಯವರನ್ನು ಕೇಳಬೇಕು. ಅವರ ಮಗ ಬಸ್ಸಿನಲ್ಲಿ ಫೈಲು ಬಿಟ್ಟು ಇಳಿದಿದ್ದ. ಪೊಲೀಸ್ ಸ್ಟೇಷನ್ನಿಗೆ ದೂರು, ನೋಟರಿ ಹತ್ತಿರ ಅಫಿಡವಿಟ್, ಓದಿದ ಶಾಲೆಯಿಂದ ಪತ್ರ, ಮಂಡಳಿಗೆ ಅರ್ಜಿ, ಶುಲ್ಕ ಅಂತ ಆ ಮನೆಯ ಯಜಮಾನರು ರಜೆ ಹಾಕಿ ಹಾಕಿ ಅಲೆದರು. ಇದೆಲ್ಲ ಒಂದು ಪ್ಲಾಸ್ಟಿಕ್ ಫೈಲಿಗಾಗಿ!

ಹಾಗಾಗಿ ಮನೆಯ ಬೀರುವಿನಲ್ಲಿ ಒಂದು ದಪ್ಪ ಫೋಲ್ಡರು ಮಾಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ (ಜನ್ಮ ದಿನಾಂಕಕ್ಕೆ ಎಲ್ಲ ಕಡೆ ಕೇಳೋದು ಇದನ್ನೇ), ಪಿಯುಸಿ ಅಂಕಪಟ್ಟಿ, ಟಿ.ಸಿ.ಯ ಜೆರಾಕ್ಸು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಫೀಸು ಕಟ್ಟಿದ ರಸೀದಿಗಳು ಎಲ್ಲ ಅದರಲ್ಲಿರಲಿ. ರಸೀದಿಗಳನ್ನು ಡಿಗ್ರಿ ಮುಗಿಯುವವರೆಗೂ ಬಿಸಾಡಬೇಡಿ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸುವ ಆಸೆ ಬಹಳ ಜನಕ್ಕಿರುತ್ತದೆ, ಬೇಡ. ಮುಂದೆ ಹಿಂಬದಿಗೆ ಸೀಲು ಹಾಕಿಸುವ ಸಂದರ್ಭ ಬಂದಾಗ ಕೀಳಲು ಹೋಗಿ ಹರಿದುಕೊಂಡವರನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಕವರು ಸಾಕು.

ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರಿದ್ದರೆ ಜಾತಿ, ಆದಾಯ ಪತ್ರದ ಆರ್‌ಡಿ ನಂಬರು ಕೇಳುತ್ತದೆ. ಆದಾಯ ಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ, ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಮಗುವಿನ ಹೆಸರಿನಲ್ಲಿ ಖಾತೆ ಇದೆ, ಆಧಾರ್ ಜೋಡಣೆ ಆಗಿಲ್ಲ ಅಂತಾದರೆ ಅರ್ಜಿ ಮಂಜೂರಾಗಿಯೂ ದುಡ್ಡು ಬರದೆ ಕೂರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಬೇರೆ ಕಡೆ ಇದ್ದರಂತೂ ಮುಗಿದೇ ಹೋಯಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಬ್ಯಾಗಿನಲ್ಲಿ ಇರಬೇಕಾದದ್ದು ಕಾಲೇಜಿನ ಐಡಿ ಕಾರ್ಡು, ಆಧಾರ್‌ನ ಒಂದು ಕಾರ್ಡು, ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೋ, ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಪಾಸಿನ ತಲೆನೋವಿಲ್ಲ, ಆದರೆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಲೇಬೇಕು. ಗಂಡುಮಕ್ಕಳು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ವಿದ್ಯಾರ್ಥಿ ಪಾಸು ಮಾಡಿಸಿಕೊಳ್ಳಬೇಕು, ಅದನ್ನು ಐಡಿ ಕಾರ್ಡಿನ ಹಿಂದೆಯೇ ಸಿಕ್ಕಿಸಿಟ್ಟರೆ ಮರೆಯುವುದಿಲ್ಲ. ಜೆರಾಕ್ಸ್ ಅಂಗಡಿಗೆ, ಪಿ.ಜಿ.ಗೆ ಆಧಾರ್ ಪ್ರತಿ ಕೊಡಬೇಕಾದಾಗ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ. ಆಧಾರ್‌ನ ವೆಬ್‌ಸೈಟಿನಲ್ಲೇ ಅದು ಸಿಗುತ್ತದೆ.

ಡಿಜಿಲಾಕರ್ ಮಾತ್ರ ಒಳ್ಳೇ ಉಪಾಯ. 2015ರಿಂದ ಇರುವ ಸರ್ಕಾರದ ಸೇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳೂ ಅದರಲ್ಲಿ ಸಿಗುತ್ತವೆ. ಇಲಾಖೆಯಿಂದಲೇ ನೇರವಾಗಿ ಅದಕ್ಕೆ ಬಂದ ದಾಖಲೆಗೆ ಅಸಲಿನಷ್ಟೇ ಮಾನ್ಯತೆ. ನೆನಪಿಡಿ, ನಾವೇ ಫೋಟೋ ತೆಗೆದು ಅದಕ್ಕೆ ಹಾಕಿಟ್ಟರೆ ಅದು ಬರೀ ಫೋಟೋ, ಆ ಮಾನ್ಯತೆ ಬರುವುದಿಲ್ಲ.

ಫೋನು ಸತ್ತ ಮೇಲೆ?

ನಮ್ಮ ಮನೆಯಲ್ಲಿ ಈಗೊಂದು ನಿಯಮ. ಐಡಿ ಕಾರ್ಡಿನ ಕವರಿನ ಹಿಂದೆ ಮಡಚಿದ ಒಂದು ಇನ್ನೂರರ ನೋಟು, ಒಂದು ಚೀಟಿ. ಚೀಟಿಯಲ್ಲಿ ನನ್ನ ನಂಬರು, ನಮ್ಮವರದು, ಅಕ್ಕನದು, ಅವಳ ಒಬ್ಬ ಗೆಳತಿಯದು, ಮತ್ತೆ ರಕ್ತದ ಗುಂಪು. ಆ ನೋಟನ್ನು ಪಾನಿಪುರಿಗೆ ಖರ್ಚು ಮಾಡುವ ಹಾಗಿಲ್ಲ. (ಒಮ್ಮೆ ಮಾಡಿದಳು, ಮಾರನೇ ದಿನ ತನ್ನ ದುಡ್ಡಿನಿಂದ ಇಟ್ಟಳು.) ಇದಲ್ಲದೆ ಎರಡು ನಂಬರು ಬಾಯಿಪಾಠ. ವಾರಕ್ಕೊಮ್ಮೆ ಊಟಕ್ಕೆ ಕೂತಾಗ ನನ್ನ ಮಗ ಅವಳಿಗೆ, ಅವಳು ಮಗನಿಗೆ ಪರೀಕ್ಷೆ ಮಾಡುತ್ತಾರೆ. ನೀವೂ ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ, ನಿಮ್ಮ ಮಗಳ ನಂಬರು ನೋಡದೆ ಹೇಳುತ್ತೀರಾ?

ಚಾರ್ಜರ್ ವೈರಿನ ಜೊತೆ ಅದರ ತಲೆಯೂ ಇರಲಿ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಫೋನನ್ನು ಒಂದು ಸಲ ಪೂರ್ತಿ ತುಂಬಿಸಿ ಮಿಕ್ಕುತ್ತದೆ. ಅದಕ್ಕಿಂತ ದೊಡ್ಡದು ತಗೊಂಡರೆ ಬ್ಯಾಗಿಗೆ ಭಾರ, ಅಷ್ಟೇ. ರಸ್ತೆಬದಿಯ ಅಗ್ಗದ ಮಾಲು ಬೇಡ, ಬಿಐಎಸ್ ಗುರುತು ನೋಡಿ ಕೊಳ್ಳಿ. ಫೋನಿನಲ್ಲಿ *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ, ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿ ಫೋನನ್ನು ಬಂದ್ ಮಾಡಿಸಬಹುದು.

ಹೊಸದಾಗಿ ಯುಪಿಐ ಬಳಸುವ ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. 'ಪಾರ್ಟ್ ಟೈಂ ಕೆಲಸ, ಮೊದಲು ಐನೂರು ಕಟ್ಟಿ' ಅನ್ನುವ ಮೆಸೇಜುಗಳು ಕಾಲೇಜು ಮಕ್ಕಳಿಗೇ ಜಾಸ್ತಿ ಬರುತ್ತವೆ. ಮೋಸ ಹೋದರೆ ಬೈಯುತ್ತೀರೇನೋ ಅಂತ ಹೆದರಿ ಮುಚ್ಚಿಟ್ಟರೆ ಹೊತ್ತು ಮೀರುತ್ತದೆ. ತಕ್ಷಣ 1930ಕ್ಕೆ ಫೋನ್ ಮಾಡಿದರೆ ಹಣ ತಡೆಯುವ ಅವಕಾಶವಾದರೂ ಇರುತ್ತದೆ. ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯಕ್ಕೆ 181, ರ್‍ಯಾಗಿಂಗ್ ಆದರೆ 1800-180-5522, ಮನಸ್ಸಿಗೆ ತೀರಾ ಕಷ್ಟವಾದಾಗ ಮಾತಾಡಲು ಟೆಲಿ ಮನಸ್‌ನ 14416. ಈ ಐದನ್ನೂ ಚೀಟಿಯ ಹಿಂಬದಿಗೆ ಬರೆಯಿರಿ. ಜಾಗ ಸಾಲುತ್ತದೆ.

ಡಬ್ಬಿ, ಪೆನ್ನು, ಕೊಡೆ

ಡಬ್ಬಿ ಖಾಲಿಯಾಗಿ ಬಂದರೆ ತಿಂದಿದ್ದಾರೆ ಅಂತ ತಿಳಿಯಬೇಡಿ. ಪುಟ್ಟಿಯ ಡಬ್ಬಿಯ ಚಪಾತಿ ಎಷ್ಟೋ ದಿನ ಗೆಳತಿಯರ ಪಾಲಾಗುತ್ತಿತ್ತು, ಇವಳು ಕ್ಯಾಂಟೀನಿನಲ್ಲಿ ಒಂದು ಪಫ್ ತಿಂದು ಮುಗಿಸುತ್ತಿದ್ದಳು. ಕಾರಣ ಕೇಳಿದರೆ, ಪಲ್ಯದ ಎಣ್ಣೆ ಸೋರಿ ಪುಸ್ತಕಕ್ಕೆ ಹತ್ತುತ್ತದೆ, ಎಲ್ಲರೆದುರು ನಾಚಿಕೆ. ರಬ್ಬರ್ ರಿಂಗ್ ಇರುವ ಕ್ಲಿಪ್ಪಿನ ಡಬ್ಬಿ ತಂದೆ, ಸಮಸ್ಯೆ ಮುಗಿಯಿತು. ಆ ರಿಂಗನ್ನು ವಾರಕ್ಕೊಮ್ಮೆ ಬಿಡಿಸಿ ತೊಳೆಯಿರಿ, ಬಾಟಲಿಯ ಮುಚ್ಚಳದ್ದನ್ನೂ. ವಾಸನೆ ಬರುವುದು ಅಲ್ಲಿಂದಲೇ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಹುರಿದ ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ ಇಲ್ಲವೇ ಎರಡು ಚಿಕ್ಕಿ ಹಾಕಿಡಿ. ನಾಲ್ಕು ಗಂಟೆಯ ಹಸಿವಿಗೆ ಬಿಸ್ಕತ್ತಿಗಿಂತ ಎಷ್ಟೋ ವಾಸಿ. ಕೊಬ್ಬರಿ ಕೊಟ್ಟರೆ ಮಾತ್ರ ಅವತ್ತೇ ತಿನ್ನಲಿ!

ಓದುವ ಸಾಮಾನು ಆಯಾ ಕೋರ್ಸಿಗೆ ತಕ್ಕ ಹಾಗೆ. ಬಿ.ಕಾಂ.ನವರಿಗೆ 12 ಅಂಕಿಯ ಸಾದಾ ಕ್ಯಾಲ್ಕುಲೇಟರ್ ಸಾಕು. ಸೈನ್ಸಿನವರಿಗೆ ಲ್ಯಾಬ್ ಕೋಟು, ರೆಕಾರ್ಡು, ಸೈಂಟಿಫಿಕ್ ಕ್ಯಾಲ್ಕುಲೇಟರ್. ಎಂಜಿನಿಯರಿಂಗ್‌ನವರಿಗೆ ಡ್ರಾಯಿಂಗ್ ಸಾಮಾನು. ಯಾವ ಮಾಡೆಲ್ ಪರೀಕ್ಷೆಗೆ ಬಿಡುತ್ತಾರೆ ಅಂತ ಲೆಕ್ಚರರ್ ಹತ್ತಿರ ಕೇಳಿಯೇ ಕ್ಯಾಲ್ಕುಲೇಟರ್ ಕೊಳ್ಳಿ. ಡ್ರಾಯಿಂಗ್ ಸಾಮಾನು, ಕೋಟು, ಹಳೇ ಪುಸ್ತಕಗಳೆಲ್ಲ ಸೀನಿಯರ್‌ಗಳ ಹತ್ತಿರ ಅರ್ಧ ಬೆಲೆಗೆ ಸಿಗುತ್ತವೆ, ಬೆಂಗಳೂರಿನವರಾದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳು ಇದ್ದೇ ಇವೆ. ಮೊದಲ ವಾರದಲ್ಲೇ ಎಲ್ಲ ಹೊಸದು ಕೊಂಡು ಸುರಿಯುವುದು ದುಡ್ಡು ದಂಡ. ಲ್ಯಾಪ್‌ಟಾಪೂ ಅಷ್ಟೇ, ಬಿ.ಎ., ಬಿ.ಕಾಂ. ಮೊದಲ ವರ್ಷಕ್ಕೆ ಮೊದಲ ದಿನವೇ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮವರು ಒಪ್ಪುವುದಿಲ್ಲ, ಇರಲಿ. ಅದಕ್ಕಿಂತ ಮೊದಲು ಒಂದು ಗಟ್ಟಿ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ, ಒಂದು ಟೇಬಲ್ ಲ್ಯಾಂಪು ಕೊಡಿಸಿ. ಹಾಸಿಗೆಯ ಮೇಲೆ ಮಗ್ಗುಲಾಗಿ ಓದುವವರು ಎಷ್ಟು ಹೊತ್ತು ಓದುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ ಅಂತ ನಮಗೆ ಗೊತ್ತಿಲ್ಲವೇ?

ಬ್ಯಾಗಿನ ಬಗ್ಗೆಯೂ ಎರಡು ಮಾತು. ಒಂದೇ ಭುಜಕ್ಕೆ ನೇತಾಡುವ ಚೀಲ ನೋಡಲು ಚೆಂದ, ಸಂಜೆಗೆ ಕುತ್ತಿಗೆ ನೋವು. ಅಗಲ ಪಟ್ಟಿಯ, ಎರಡೂ ಭುಜಕ್ಕೆ ಹಾಕುವ ಬ್ಯಾಗೇ ಇರಲಿ. ಶಾಲೆಯ ಮಕ್ಕಳ ಬ್ಯಾಗು ಅವರ ತೂಕದ ಶೇ 10ನ್ನು ಮೀರಬಾರದು ಅಂತ ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಕಾಲೇಜಿಗೆ ಅಂಥ ನಿಯಮವಿಲ್ಲ, ಆದರೆ ಬೆನ್ನು ಅದೇ ಅಲ್ಲವೇ? ಅಡುಗೆಮನೆಯ ಹಿಟ್ಟಿನ ತಕ್ಕಡಿ ಸಾಲದು, ಮಗಳು ಒಮ್ಮೆ ಬ್ಯಾಗಿಲ್ಲದೆ, ಒಮ್ಮೆ ಬ್ಯಾಗು ಹಾಕಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಲಿ. ಪುಟ್ಟಿಯದು ಏಳು ಕೆಜಿ ಇತ್ತು!

ಮೂರು ಮಡಿಕೆಯ ಕೊಡೆ ವರ್ಷಪೂರ್ತಿ ಬ್ಯಾಗಿನಲ್ಲಿಯೇ ಇರಲಿ, ಪುಸ್ತಕಗಳಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರು. ಸ್ಕೂಟರಿನಲ್ಲಿ ಹೋಗುವವರಿಗೆ ಕೊಡೆ ಆಗದು, ರೇನ್‌ಕೋಟು ಬೇಕು. ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ, ಹಿಂದೆ ಕೂರುವವರಿಗೂ ಒಂದು. ಹದಿನೆಂಟು ತುಂಬದ ಮಗನಿಗೆ 'ಕಾಲೇಜು ದೂರ' ಅಂತ ಗಾಡಿ ಕೀ ಕೊಡುವ ಅಮ್ಮಂದಿರು ಒಂದು ವಿಷಯ ತಿಳಿದಿರಲಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಹಾಗೂ ಮೂರು ವರ್ಷದವರೆಗೆ ಜೈಲು ಆಗುವುದು ಹುಡುಗನಿಗಲ್ಲ, ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ.

ಹಾಸ್ಟೆಲಿಗೆ ಹೋಗುವವರ ಪಟ್ಟಿ ಬೇರೆಯೇ ಆಗುತ್ತದೆ. ಆದರೂ ಅಕ್ಕಪಕ್ಕದ ಮನೆಯ ಹುಡುಗಿಯರು ಹೋಗಿ ಬಂದು ಹೇಳಿದ, ನಮಗೆ ಹೊಳೆಯದ ನಾಲ್ಕು ಸಾಮಾನು ಹೇಳುತ್ತೇನೆ. ಎರಡು ಕೀ ಇರುವ ಗಟ್ಟಿ ಬೀಗ, ಬಟ್ಟೆ ಒಣಗಿಸಲು ನೈಲಾನ್ ಹಗ್ಗ ಮತ್ತು ಒಂದು ಡಜನ್ ಕ್ಲಿಪ್ಪು, ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡು, ಸೂಜಿ ದಾರ. ಬಕೆಟು ಅಲ್ಲೇ ಸಿಗುತ್ತದೆ, ಊರಿಂದ ಹೊತ್ತುಕೊಂಡು ಹೋಗಬೇಡಿ.

ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಬ್ಯಾಗು ಖಾಲಿ ಮಾಡುವ ದಿನ. ಪುಟ್ಟಿಯೇ ಸುರಿಯುತ್ತಾಳೆ, ಪುಟ್ಟಿಯೇ ತುಂಬುತ್ತಾಳೆ, ಬ್ಯಾಗು ತೊಳೆದು ಬಿಸಿಲಿಗೆ ಹಾಕುವುದು ಮಾತ್ರ ನಾನು. ಒಂದು ಜಿಪ್ ಜೇಬನ್ನು ಅವಳು ತೆರೆಯುವುದಿಲ್ಲ, ನಾನು ಕೇಳುವುದಿಲ್ಲ. ಹೋದ ವಾರ ಅವಳೇ ನನ್ನ ವ್ಯಾನಿಟಿ ಬ್ಯಾಗು ಎತ್ತಿಕೊಂಡು ಬಂದು 'ಈಗ ನಿಂದು ಚಿಕ್ಕಮ್ಮ' ಅಂದಳು. ಸುರಿದರೆ ಹಳೇ ಬಿಲ್ಲುಗಳು, ಸವೆದುಹೋದ ಕುಂಕುಮದ ಡಬ್ಬಿ, ದೇವಸ್ಥಾನದ ಒಣಗಿದ ಹೂವು. ನೀರಿನ ಬಾಟಲಿ ಇಲ್ಲ, ಫೋನ್ ನಂಬರಿನ ಚೀಟಿಯೂ ಇಲ್ಲ. ಅವಳೇ ಬರೆದು ಇಟ್ಟಳು.